ಹುಳುಮನೆಯಲ್ಲಿ ಯಾರೂ ಇಲ್ಲ

ಮಿತಬಳಕೆ ಕೇಂದ್ರದಲ್ಲಿ ಸಿಂಚನಳ ಕೆಲಸ ಒಂದೇ ಮಾತನ್ನು ನೂರು ಬಗೆಯಾಗಿ ಹೇಳುವುದು. ತಂಪುಮಿತ್ರ ತಾನೇ ತಾನಾಗಿ ಮಾಡುವ ಉಳಿತಾಯವನ್ನು ನಿಲ್ಲಿಸಲು ಬರುವುದಿಲ್ಲ ಎನ್ನುವುದೇ ಆ ಮಾತು. ಹಾಗೆಂದು ನೇರವಾಗಿ ಹೇಳುವಂತಿರಲಿಲ್ಲ. ಮೊದಲು ನಮಸ್ಕಾರ, ಆಮೇಲೆ ಕ್ಷೇಮಸಮಾಚಾರ, ಆಮೇಲೆ ನಿಮ್ಮಂಥವರಿಂದಲೇ ನಾಡು ಉಳಿದಿದೆ ಎಂಬ ಹೊಗಳಿಕೆ. ಕೊನೆಗೆ ದೂರು ಕೊಟ್ಟವರೇ ನಾಚಿಕೊಂಡು ಫೋನ್ ಇಡಬೇಕು. ಇದನ್ನೆಲ್ಲ ಬರೆದುಕೊಟ್ಟವರು ರಾಜಧಾನಿಯಲ್ಲಿದ್ದರು. ಓದುವ ಬಾಯಿ ಮಾತ್ರ ಸಿಂಚನಳದು. ಸಂಜೆ ನಾಲ್ಕಕ್ಕೆ ಹೆಡ್‌ಫೋನ್ ತೆಗೆದಿಟ್ಟ ಮೇಲೆ ಬಾಯಿ ಮುಕ್ಕಳಿಸದೆ ಅವಳು ಬಸ್ಸು ಹತ್ತುತ್ತಿರಲಿಲ್ಲ.

ತಂಪುಮಿತ್ರ ಅಂಗೈಯಗಲದ ಬಿಳಿ ಪೆಟ್ಟಿಗೆ. ಸಾಲಾಗಿ ಮೂರು ಬೇಸಿಗೆ ವಿದ್ಯುತ್ ಜಾಲ ಕುಸಿದುಬಿದ್ದ ಮೇಲೆ ಒಂದು ಕಾನೂನು ಬಂತು, ಅದರ ಹಿಂದೆಯೇ ಈ ಪೆಟ್ಟಿಗೆ ಮನೆಮನೆಯ ಗೋಡೆ ಏರಿತು. ಏಸಿ, ಕೂಲರು, ಹೀಟರು ಯಾವುದೇ ಇರಲಿ, ಅದು ಹೇಳಿದರೆ ಓಡಬೇಕು, ಸಾಕೆಂದರೆ ನಿಲ್ಲಬೇಕು. ಕೋಣೆಯ ಗಾಳಿಯಲ್ಲಿ ಉಸಿರು ಎಷ್ಟು ಬೆರೆತಿದೆ ಎಂದು ಅದು ಅಳೆಯುತ್ತಿತ್ತು, ಸಪ್ಪಳ ಆಲಿಸುತ್ತಿತ್ತು, ಮೈಬಿಸಿ ಅತ್ತಿತ್ತ ಓಡಾಡುವುದನ್ನು ಗುರುತಿಸುತ್ತಿತ್ತು. ಮೊದಲ ನಲವತ್ತು ದಿನ ಸುಮ್ಮನೆ ಕೂತು ಮನೆಯವರ ಚಾಳಿ ಕಲಿಯುತ್ತಿತ್ತು. ನಲವತ್ತೊಂದನೆಯ ದಿನದಿಂದ ಯಜಮಾನಿಕೆಯೆಲ್ಲ ಅದರದೇ. ಉಸಿರಿಲ್ಲ, ಸಪ್ಪಳವಿಲ್ಲ, ಅಲುಗಾಟವಿಲ್ಲ ಎಂದು ತೋರಿದ ಕೂಡಲೇ, "ಕೋಣೆಯಲ್ಲಿ ಯಾರೂ ಇಲ್ಲ, ಉಳಿತಾಯ ಆರಂಭ" ಎಂದು ಸಕ್ಕರೆ ಬೆರೆಸಿದ ಹೆಣ್ಣುದನಿಯಲ್ಲಿ ಉಲಿದು, ಎಲ್ಲವನ್ನೂ ಆರಿಸಿ, ತನ್ನ ಮುಖದ ಮೇಲೆ ಒಂದು ಹಸಿರು ಎಲೆಯ ದೀಪ ಹೊತ್ತಿಸಿಕೊಳ್ಳುತ್ತಿತ್ತು. ಸರ್ಕಾರ ಇಟ್ಟ ಹೆಸರು ತಂಪುಮಿತ್ರ. ಜನ ಕರೆಯುತ್ತಿದ್ದುದು ಜುಗ್ಗಯ್ಯ ಎಂದು.

ನಿಲ್ಲಿಸುವ ಗುಂಡಿ ಇರಲಿಲ್ಲವೆಂದಲ್ಲ. ಇತ್ತು. ಅದನ್ನು ಒತ್ತಿ ಹಿಡಿದರೆ, ನಿಜವಾಗಿಯೂ ನಿಲ್ಲಿಸಬೇಕೇ ಎಂದು ಕೇಳುತ್ತಿತ್ತು. ಹೌದು ಎಂದರೆ ಬಾಯಾರಿದ ಮಗುವೊಂದರ ಚಿತ್ರ ತೋರಿಸಿ, ಇದರ ನಾಳೆಗಾಗಿ ಇನ್ನೊಮ್ಮೆ ಯೋಚಿಸಿ ಎನ್ನುತ್ತಿತ್ತು. ಹೀಗೆ ಏಳು ಸಲ ಹೌದು ಎನ್ನಿಸಿಕೊಂಡು, ಎಂಟನೆಯದಕ್ಕೆ ಒಪ್ಪಿ, ಧನ್ಯವಾದ ಹೇಳಿ ನಿಲ್ಲಿಸುತ್ತಿತ್ತು. ನಾಲ್ಕು ಗಂಟೆ ಕಳೆದ ಮೇಲೆ ಯಾರಿಗೂ ಹೇಳದೆ ಕೇಳದೆ ಮತ್ತೆ ತನ್ನ ಚಾಳಿಗೆ ಇಳಿಯುತ್ತಿತ್ತು. ಏಳು ಸಲ ಹೌದೆಂದು ಒತ್ತಿಸಿಕೊಂಡು ಮೋಸ ಮಾಡುವ ಆ ನಯ ನೆನೆದರೇ ಸಿಂಚನಳಿಗೆ ಮೈಮೇಲೆ ಜಿರಲೆ ಹರಿದಂತಾಗುತ್ತಿತ್ತು.

ಆ ಏಪ್ರಿಲ್‌ನಲ್ಲಿ ದಿನವೂ ಫೋನ್ ಮಾಡುತ್ತಿದ್ದವರಲ್ಲಿ ಕಮಲಾಕ್ಷಮ್ಮ ಎನ್ನುವವರೊಬ್ಬರು. ಅವರ ಗಂಡ ಬಸ್ ಡ್ರೈವರಾಗಿದ್ದವರು, ಲಕ್ವ ಹೊಡೆದು ಎರಡು ವರ್ಷದಿಂದ ಹಾಸಿಗೆಯಲ್ಲೇ ಇದ್ದರು. ಕಣ್ಣೊಂದನ್ನು ಬಿಟ್ಟರೆ ಮೈಯಲ್ಲಿ ಇನ್ನೇನೂ ಅಲ್ಲಾಡುತ್ತಿರಲಿಲ್ಲ. ಮಲಗಿದ ಒಬ್ಬ ಮನುಷ್ಯನ ತೆಳ್ಳನೆಯ ಉಸಿರು ಪೆಟ್ಟಿಗೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಕಮಲಾಕ್ಷಮ್ಮ ಅಡುಗೆಮನೆಗೆ ಹೋದರೆ ಸಾಕು, ಏಸಿ ಆರುತ್ತಿತ್ತು. ಬೆವರಿಗೆ ಬೆನ್ನಿನ ಹುಣ್ಣು ಕೀವಾಗಿತ್ತು. ಅದನ್ನೆಲ್ಲ ಹೇಳಿ ಮುಗಿಸಿ ಅವರು ಕೊನೆಯಲ್ಲಿ ಕೇಳಿದ್ದು ಇಷ್ಟೇ.

"ಅವರು ಇದಾರೆ ಕಣಮ್ಮ. ಅಲ್ಲಾಡಲ್ಲ ಅಷ್ಟೇ. ಇದಾರೆ ಅಂತ ಅದಕ್ಕೆ ನಾನು ಹೆಂಗೆ ಹೇಳ್ಲಿ?"

ಸಿಂಚನಳ ಎದುರಿನ ಪರದೆಯ ಮೇಲೆ ಹೇಳಬೇಕಾದ ಉತ್ತರ ಮೂಡಿತು. ನಿಮ್ಮಂಥವರಿಂದಲೇ ನಾಡು ಉಳಿದಿದೆ ಎಂದು ಅವಳು ಓದಿದಳು. ಆ ಕಡೆ ಫೋನ್ ಕಟ್ಟಾಯಿತು. ಆ ದಿನ ಅವಳು ಮೂರು ಸಲ ಬಾಯಿ ಮುಕ್ಕಳಿಸಿದಳು.

ಸಿಂಚನಳ ಮನೆ ಕನಕಪುರದ ಕಡೆಯ ಹುಲಿಕೆರೆದೊಡ್ಡಿಯಲ್ಲಿ. ಮನೆ ಅವಳ ಅತ್ತೆ ಜಯಶೀಲಮ್ಮನ ಹೆಸರಿನಲ್ಲಿತ್ತು, ನಡೆಯುತ್ತಿದ್ದುದೂ ಅವರ ಮಾತಿನಂತೆಯೇ. ಮನೆಯ ಹಿಂದೆ ಸಿಮೆಂಟ್ ಶೀಟು ಹೊದಿಸಿದ ಉದ್ದನೆಯ ಹುಳುಮನೆ. ಜಯಶೀಲಮ್ಮನದು ಚಾಕಿ ಕಸುಬು. ರೇಷ್ಮೆಮೊಟ್ಟೆ ತಂದು, ಇರುವೆಮರಿಯಂಥ ಹುಳು ಒಡೆಸಿ, ಎಳೆಸೊಪ್ಪು ಹೆಚ್ಚಿ ಹಾಕಿ, ಎರಡನೇ ಜ್ವರ ದಾಟಿಸಿ ಸುತ್ತಲಿನ ಮೂವತ್ತೆರಡು ಮನೆಗಳಿಗೆ ಹಂಚುವುದು. ಅಲ್ಲಿಂದಾಚೆ ಗೂಡು ಕಟ್ಟಿಸುವುದು ಆ ಮನೆಗಳವರ ಪಾಡು. ಎಳೆ ಹುಳುವನ್ನು ಬದುಕಿಸುವುದು ಸುಲಭವಲ್ಲ. ಶಾಖ ಒಂದು ಹದ ತಪ್ಪಿದರೂ ಕೆಟ್ಟಿತು. ನಲವತ್ತು ವರ್ಷದಲ್ಲಿ ಜಯಶೀಲಮ್ಮನ ಕೈಯಿಂದ ಹೋದ ಹುಳು ಕೆಟ್ಟ ಉದಾಹರಣೆ ಇರಲಿಲ್ಲ. ಜಯಶೀಲಮ್ಮನ ಚಾಕಿ ಎಂದರೆ ಜನ ಕಣ್ಣು ಮುಚ್ಚಿ ತಟ್ಟೆ ಒಡ್ಡುತ್ತಿದ್ದರು. ಆಕೆಗೆ ಇದ್ದ ಆಸ್ತಿ ಎಂದರೆ ಆ ಹೆಸರೊಂದೇ.

ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಹಳೆಯ ಚರ್ಮ ಕಳಚಿ ಹೊಸದು ತೊಡುವ ಹೊತ್ತು. ಆಗ ಅದು ಮೇವು ಬಿಡುತ್ತದೆ, ತಲೆ ಎತ್ತಿ ಹಿಡಿದು ಒಂದು ಹಗಲು ಒಂದು ರಾತ್ರಿ ಕಲ್ಲಿನಂತೆ ಕೂರುತ್ತದೆ. ಹುಳು ಜ್ವರಕ್ಕೆ ಕೂತ ದಿನ ಜಯಶೀಲಮ್ಮನ ಮನೆಯಲ್ಲಿ ಗಾಳಿಯೂ ಅಪ್ಪಣೆ ಕೇಳಿ ಬೀಸಬೇಕಿತ್ತು. ತಟ್ಟೆಗಳ ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಿ, ಬಾಗಿಲು ಎಳೆದು, ಅಗುಳಿಗೆ ಬೇವಿನ ಎಸಳು ಸಿಕ್ಕಿಸಿದರೆ ಮುಗಿಯಿತು, ಮಾರನೆಯ ಮುಂಜಾನೆವರೆಗೆ ಒಳಗೆ ಯಾರೂ ಕಾಲಿಡುವಂತಿಲ್ಲ. ಅಂದು ಕುಕ್ಕರ್ ಕೂಗುವಂತಿಲ್ಲ, ಒಗ್ಗರಣೆಯ ಘಾಟು ಏಳುವಂತಿಲ್ಲ. ಸಿಂಚನಳ ಗಂಡ ಯೋಗೇಶ ಬೈಕನ್ನು ಊರ ರಸ್ತೆಯವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಸ್ಟಾರ್ಟ್ ಮಾಡುತ್ತಿದ್ದ.

ಆ ಸಂಕ್ರಾಂತಿಯ ಹೊತ್ತಿಗೆ ಹುಳುಮನೆಯ ಗೋಡೆಗೂ ತಂಪುಮಿತ್ರ ಬಂತು. ಹುಳುಮನೆಯ ಏಸಿ, ತೇವದ ಯಂತ್ರ ಎರಡೂ ಅದರ ಕೈಗೆ ಹೋದವು. ಚಳಿ ಮುಗಿಯುವವರೆಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಹುಳು ಸೊಪ್ಪು ಮೇಯುವ ಸರಸರ ಸದ್ದು ಕೇಳಿಕೊಂಡು, ಒಳಗೆ ಯಾರೋ ಇದ್ದಾರೆ ಎಂದುಕೊಂಡು ಅದು ತನ್ನ ಪಾಡಿಗೆ ಇತ್ತು.

ಮಾರ್ಚ್ ತಿಂಗಳ ಚಾಕಿ ಎರಡನೇ ಜ್ವರದಲ್ಲಿ ಹೋಯಿತು. ಮುಂಜಾನೆ ಬಾಗಿಲು ತೆಗೆದಾಗ ಕೋಣೆ ತಣ್ಣಗೇ ಇತ್ತು, ಪೆಟ್ಟಿಗೆ ಸ್ವಾಗತ ಹೇಳಿತು, ತಟ್ಟೆಗಳಲ್ಲಿ ಹುಳು ಕೂತಂತೆಯೇ ಕಂಡವು. ಮುಟ್ಟಿದರೆ ಬೆರಳಿಗೆ ಕಪ್ಪು ನೀರು. ಅರ್ಧಕ್ಕರ್ಧ ಹಳೆಯ ಚರ್ಮದಲ್ಲೇ ಸಿಕ್ಕಿಕೊಂಡು ಸತ್ತಿದ್ದವು, ಉಳಿದವು ಎರಡು ದಿನದಲ್ಲಿ ಕೊಳೆತವು. ಸಪ್ಪೆರೋಗ ಎಂದರು ಇಲಾಖೆಯವರು. ದೃಷ್ಟಿಯಾಯಿತು ಎಂದರು ಜಯಶೀಲಮ್ಮ. ಮೂವತ್ತೆರಡು ಮನೆಯವರೂ ಒಂದು ಸಲ ತಾನೇ ಎಂದು ಹೊಟ್ಟೆಗೆ ಹಾಕಿಕೊಂಡರು.

ಮುಂದಿನ ಚಾಕಿಗೆ ಜಯಶೀಲಮ್ಮ ಕಟ್ಟುನಿಟ್ಟು ಇಮ್ಮಡಿ ಮಾಡಿದರು. ಬಾಗಿಲಿನ ಸಂದಿಗೆ ಬಟ್ಟೆ ತುರುಕಿದರು, ಕಿಟಕಿಗೆ ಗೋಣಿ ಹೊದಿಸಿದರು, ಹಟ್ಟಿಯ ಹಸುವನ್ನು ತೋಟಕ್ಕೆ ಕಟ್ಟಿಸಿದರು. ಇಲಿಯೂ ಕೆಮ್ಮದಷ್ಟು ನಿಶ್ಶಬ್ದ ಮಾಡಿಟ್ಟರು. ಆ ಚಾಕಿಯೂ ಹೋಯಿತು, ಈ ಸಲ ಒಂದು ಹುಳುವೂ ಉಳಿಯದಂತೆ.

ಕೊಳೆತ ಚಾಕಿಯ ನಾತ ಒಮ್ಮೆ ಮೂಗಿಗೆ ಹತ್ತಿದರೆ ಬಿಡುವುದಿಲ್ಲ. ಸಿಂಚನ ಮೂಗಿಗೆ ಸೆರಗು ಕಟ್ಟಿಕೊಂಡು ತಟ್ಟೆ ತಟ್ಟೆಯಾಗಿ ಹೊತ್ತು ತೋಟದಂಚಿನ ಗುಂಡಿಗೆ ಸುರಿದಳು. ಜೀರಿಗೆಯಷ್ಟಿದ್ದ ಜೀವಗಳು ಲೋಳೆಯಾಗಿ ತಟ್ಟೆಗೆ ಅಂಟಿಕೊಂಡಿದ್ದವು, ತೆಂಗಿನ ಗರಿಯಿಂದ ಕೆರೆಯಬೇಕಾಯಿತು. ಕೆರೆಯುವ ಸದ್ದು ಕೇಳಿದರೆ ಹಲ್ಲು ಚುಳ್ಳೆನ್ನುತ್ತಿತ್ತು. ಕೊನೆಯ ತಟ್ಟೆ ತೆಗೆಯಲು ಒಳಗೆ ಹೋದಾಗ ಗೋಡೆಯ ಮೇಲಿನ ಪೆಟ್ಟಿಗೆ, ಈ ತಿಂಗಳು ನೀವು ಹನ್ನೊಂದು ಮರಗಳಿಗೆ ಸಮನಾದ ಉಳಿತಾಯ ಮಾಡಿದ್ದೀರಿ, ಅಭಿನಂದನೆಗಳು ಎಂದಿತು. ಅದರ ಮುಖದ ಮೇಲೆ ಹಸಿರು ಎಲೆ ಹೊಳೆಯುತ್ತಿತ್ತು. ಸಿಂಚನ ಆಗ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಂಥ ಸಿಹಿಮಾತು ದಿನವಿಡೀ ತಾನೇ ಆಡುವವಳಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

ಅವಳು ಕೈ ತೊಳೆದು ಬರುವಾಗ ಜಯಶೀಲಮ್ಮ ಜಗಲಿಯ ಮೇಲೆ ಕೂತಿದ್ದರು. ಮುಖ ನೋಡದೆ ಕೇಳಿದರು.

"ಆ ಮೂರು ದಿನದಲ್ಲಿ ಏನಾರ ನೀನು ಒಳಿಕ್ ಓಗಿದ್ಯಾ?"

ಮುಟ್ಟಾದವರು ಹುಳುಮನೆ ಹೊಗಬಾರದು ಎಂಬುದು ಆ ಸೀಮೆಯ ಹಳೆಯ ಕಟ್ಟಳೆ. ಸಿಂಚನ ಒಳಗೆ ಹೋಗಿರಲಿಲ್ಲ. ಹೋಗಿಲ್ಲ ಎಂದಳು. ಅತ್ತೆ ತಲೆಯಾಡಿಸಿದರು, ನಂಬಲಿಲ್ಲ. ಕೈಯ ನಾತ ಇನ್ನೂ ಹೋಗಿರಲಿಲ್ಲ, ಅದರ ಮೇಲೆ ಈ ಮಾತು. ಹುಳು ಸತ್ತದ್ದಕ್ಕಿಂತ ಹೆಚ್ಚು ಅಸಹ್ಯ ಅವಳಿಗೆ ಆಗ ಆಯಿತು. ಆ ವಾರವೆಲ್ಲ ಮನೆಯಲ್ಲಿ ಅತ್ತೆ ಸೊಸೆ ನಡುವೆ ಉಪ್ಪು ಕೊಡು, ನೀರು ಇಡು ಎಂಬುದರಾಚೆ ಮಾತಿರಲಿಲ್ಲ.

ಮೂರನೆಯ ಸಲ ಮೊಟ್ಟೆ ಬಂದಾಗ ಮೂವತ್ತೆರಡು ಮನೆಯ ಹಿರಿಯರು ಬಂದು ಕೂತು, ಇದೂ ಹೋದರೆ ನಾವು ಬೇರೆ ಕಡೆ ನೋಡಿಕೊಳ್ಳುತ್ತೇವೆ, ಬೇಜಾರು ಮಾಡಿಕೊಳ್ಳಬೇಡ ಜಯಕ್ಕ ಎಂದು ಮೆಲ್ಲಗೆ ಹೇಳಿ ಎದ್ದುಹೋದರು. ಜಯಶೀಲಮ್ಮ ಅವರಿಗೆ ಕಾಫಿ ಕೊಟ್ಟು ಕಳಿಸಿದರು. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತರು. ಅದು ಸಿಂಚನಳಿಗೆ ಕೇಳಿಸಿತು.

ಹುಳು ಎರಡನೇ ಜ್ವರಕ್ಕೆ ಕೂರುವ ಹಿಂದಿನ ದಿನ, ಮಿತಬಳಕೆ ಕೇಂದ್ರದ ಮೇಲ್ವಿಚಾರಕ ಸುಧೀಂದ್ರ ಒಂದು ಪಟ್ಟಿ ತಂದು ಸಿಂಚನಳ ಮುಂದಿಟ್ಟರು. ಬೇಸಿಗೆಯಲ್ಲೂ ಅತಿ ಹೆಚ್ಚು ಉಳಿಸಿದ ಹತ್ತು ಮನೆಗಳನ್ನು ಹಸಿರುಮನೆ ಎಂದು ಕರೆದು ಶಾಲು ಹೊದಿಸಿ ಸನ್ಮಾನ ಮಾಡುವುದಿತ್ತು. ಫೋನ್ ಮಾಡಿ ಒಬ್ಬೊಬ್ಬರಿಗೂ ಅಭಿನಂದನೆ ಹೇಳಬೇಕಾದವಳು ಇವಳು. ಪಟ್ಟಿಯಲ್ಲಿ ಮೂರನೆಯ ಹೆಸರು ಜಯಶೀಲಮ್ಮ, ಹುಲಿಕೆರೆದೊಡ್ಡಿ, ಹಿಂಬದಿ ಕೋಣೆ.

ಸಿಂಚನ ಆ ಕೋಣೆಯ ದಾಖಲೆ ತೆರೆದಳು. ಎರಡು ತಿಂಗಳಲ್ಲಿ ಹುಳು ಇದ್ದ ದಿನಗಳ ಶಾಖದ ಗೆರೆ ಪರದೆಯ ಉದ್ದಕ್ಕೂ ಗದ್ದೆಯ ಬದುವಿನಂತೆ ಸಪಾಟಾಗಿ ಓಡಿತ್ತು. ಎರಡೇ ಎರಡು ಕಡೆ ಗುಡ್ಡದಂತೆ ಎದ್ದಿತ್ತು. ಬೆಳಗ್ಗೆ ಹತ್ತಕ್ಕೆ ಏರಲು ಹಿಡಿದು, ಮಧ್ಯಾಹ್ನ ಎರಡಕ್ಕೆ ನಲವತ್ತೊಂದು ಡಿಗ್ರಿ ಮುಟ್ಟಿ, ಶೀಟು ಆರಿದ ಮೇಲೆ ತಾನಾಗಿ ಇಳಿದಿತ್ತು. ಮುಂಜಾನೆ ಬಾಗಿಲು ತೆಗೆಯುವ ಹೊತ್ತಿಗೆ ಕುರುಹೇ ಇಲ್ಲ. ಎರಡೂ ಎರಡನೇ ಜ್ವರದ ದಿನಗಳು. ಮೊದಲ ಜ್ವರ ಚಿಕ್ಕದು, ಅದಕ್ಕೆ ಸಂಜೆ ಕೂತ ಹುಳು ಬಿಸಿಲೇರುವ ಮೊದಲೇ ಎದ್ದಿದ್ದವು. ಗುಡ್ಡದ ನೆತ್ತಿಯ ಮೇಲೆ ಪೆಟ್ಟಿಗೆ ತನ್ನ ಷರಾ ಬರೆದುಕೊಂಡಿತ್ತು. ಉಸಿರಿಲ್ಲ, ಸಪ್ಪಳವಿಲ್ಲ, ಕೋಣೆಯಲ್ಲಿ ಯಾರೂ ಇಲ್ಲ. ಎರಡನೆಯ ಸಲ, ಬಾಗಿಲ ಸಂದಿಗೆ ಬಟ್ಟೆ ತುರುಕಿದ ದಿನ, ಖಚಿತವಾಗಿ ಯಾರೂ ಇಲ್ಲ ಎಂದು ಬರೆದಿತ್ತು. ಪಕ್ಕದಲ್ಲೇ ಒಂದು ಹಸಿರು ಎಲೆ.

 ಅವಳು ಎದ್ದು ನೇರ ಸುಧೀಂದ್ರರ ಕೋಣೆಗೆ ನಡೆದಳು.

ಸುಧೀಂದ್ರ ಕೆಟ್ಟವರಲ್ಲ. ಡಬ್ಬಿಯಿಂದ ಕಲ್ಲಂಗಡಿ ಹೋಳು ತಿನ್ನುತ್ತ ಎಲ್ಲವನ್ನೂ ಕೇಳಿಸಿಕೊಂಡರು, ಅಯ್ಯೋ ಪಾಪ ಎಂದರು. ಆಮೇಲೆ ಪಟ್ಟಿಯೊಂದನ್ನು ತೆರೆದು ತೋರಿಸಿದರು. ತಂಪುಮಿತ್ರಕ್ಕೆ ಗೊತ್ತಿದ್ದ ಕೋಣೆಗಳು ಹದಿನೇಳು ಬಗೆ. ಮಲಗುವ ಕೋಣೆ, ಅಂಗಡಿ, ಕಲ್ಯಾಣ ಮಂಟಪ, ಶಾಲೆ ಹೀಗೆ. ಹುಳುಮನೆ ಎಂಬುದು ಅದರಲ್ಲಿ ಇರಲಿಲ್ಲ. ಸೇರಿಸಬೇಕಾದರೆ ರಾಜಧಾನಿಯಲ್ಲಿ ಆಗಬೇಕು, ಏನಿಲ್ಲವೆಂದರೂ ಎರಡು ವರ್ಷ.

"ಹುಳ ಪಟ್ಟಿಯಲ್ಲಿಲ್ಲ ಅಂದ್ರೆ ಹುಳ ಇಲ್ಲ ಸಿಂಚನಾ," ಎಂದರು ಅವರು ಮೃದುವಾಗಿ. "ನಿಮ್ಮತ್ತೆಗೆ ಸನ್ಮಾನ ಇದೆಯಲ್ಲ, ಅದನ್ನ ನೋಡಿ."

ಕಲ್ಲಂಗಡಿಯ ಕೆಂಪು ರಸ ಅವರ ಗಲ್ಲದ ಮೇಲೆ ಇಳಿಯುತ್ತಿತ್ತು. ಸಿಂಚನಳಿಗೆ ಅದನ್ನು ನೋಡಲಾಗಲಿಲ್ಲ. ತನ್ನ ಜಾಗಕ್ಕೆ ಬಂದು ಆ ಹದಿನೇಳನ್ನೂ ಒಂದೊಂದಾಗಿ ತೆಗೆದು ಓದಿದಳು. ಹದಿನಾರಕ್ಕೂ ಉಳಿತಾಯ ಕಡ್ಡಾಯ. ಹದಿನೇಳನೆಯದಕ್ಕೆ ಮಾತ್ರ ರಿಯಾಯಿತಿ. ಅದರೊಳಗೆ ಉಸಿರಿಲ್ಲದಿದ್ದರೂ, ಅಲುಗಾಟವಿಲ್ಲದಿದ್ದರೂ ಕೋಣೆ ಖಾಲಿ ಎಂದು ತಿಳಿಯಬಾರದು, ಇಟ್ಟ ಶಾಖವನ್ನು ಯಾವ ಕಾರಣಕ್ಕೂ ಬದಲಿಸಬಾರದು ಎಂದಿತ್ತು.

ಹದಿನೇಳನೆಯದು ಶವಾಗಾರ.

ಅದಕ್ಕೊಂದು ಕಥೆ ಇತ್ತು, ಕೇಂದ್ರದಲ್ಲಿ ಎಲ್ಲರೂ ಪಿಸುಗುಟ್ಟುತ್ತಿದ್ದರು. ಯೋಜನೆಯ ಮೊದಲ ವರ್ಷ ಯಾವುದೋ ಊರಿನ ಶವಾಗಾರವನ್ನು ತಂಪುಮಿತ್ರ ಖಾಲಿ ಎಂದು ತಿಳಿದು ತಂಪು ಆರಿಸಿಬಿಟ್ಟಿತ್ತಂತೆ. ಒಳಗಿದ್ದವರಲ್ಲಿ ದೊಡ್ಡ ಮನುಷ್ಯರೊಬ್ಬರ ಮಾವ ಇದ್ದರಂತೆ. ಒಂದೇ ವಾರದಲ್ಲಿ ರಿಯಾಯಿತಿ ಬಂತು. ಬದುಕಿರುವ ಮಾವಂದಿರು ಯಾರಿಗೂ ನೆನಪಾಗಲಿಲ್ಲ.

ರಿಯಾಯಿತಿಗೆ ಒಂದು ಕಟ್ಟು ಹಾಕಿದ್ದರು. ಮನೆಯ ಒಡೆಯರು ಆ ಕೋಣೆಯೊಳಗೆ, ಪೆಟ್ಟಿಗೆಯ ಎದುರು ನಿಂತು, ತಮ್ಮದೇ ದನಿಯಲ್ಲಿ, ಈ ಕೋಣೆಯಲ್ಲಿ ಇರುವವರು ಸತ್ತಿದ್ದಾರೆ ಎಂದು ಬಾಯಿಬಿಟ್ಟು ಹೇಳಬೇಕು. ಕಾಗದವಿಲ್ಲ, ಸಹಿಯಿಲ್ಲ. ಅಂಥ ಮಾತನ್ನು ಸುಳ್ಳಿಗೂ ಯಾರೂ ಆಡಲಾರರು ಎಂಬ ಧೈರ್ಯದ ಮೇಲೆ ಮಾಡಿದ ನಿಯಮ ಅದು. ನಮ್ಮ ಜನದ ಭಯಭಕ್ತಿಯನ್ನೇ ಬೀಗ ಮಾಡಿ ಹಾಕಿದ್ದರು. ಇಷ್ಟು ಚೆನ್ನಾಗಿ ಜನರನ್ನು ಬಲ್ಲವರು ಇಷ್ಟು ಹೇಸಿಗೆಯ ಕೆಲಸಕ್ಕೆ ಆ ಬಲ್ಲತನ ಬಳಸಿದರಲ್ಲ ಎಂದು ಸಿಂಚನಳಿಗೆ ಬಾಯಿ ಕಹಿಯಾಯಿತು.

ಸಂಜೆ ಮನೆಗೆ ಬಂದವಳೇ ಚಪ್ಪಲಿ ಬಿಡದೆ ಅತ್ತೆಯ ಮುಂದೆ ಫೋನ್ ಹಿಡಿದು ಆ ಎರಡು ಗುಡ್ಡ ತೋರಿಸಿದಳು. ಜಯಶೀಲಮ್ಮನಿಗೆ ಗೆರೆಯ ಓದು ಬರುತ್ತಿರಲಿಲ್ಲ, ದಿನಾಂಕದ ಓದು ಚೆನ್ನಾಗಿ ಬರುತ್ತಿತ್ತು. ಮೊದಲ ಗುಡ್ಡದ ಮೇಲೆ ಬೆರಳಿಟ್ಟು ಮಂಗಳವಾರ ಎಂದರು. ಎರಡನೆಯದರ ಮೇಲಿಟ್ಟ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ಬಾಗಿಲ ಸಂದಿಗೆ ತಾವೇ ಬಟ್ಟೆ ತುರುಕಿದ್ದು, ಕಿಟಕಿಗೆ ಗೋಣಿ ಹೊದಿಸಿದ್ದು, ತಾವು ಮಾಡಿಟ್ಟ ನಿಶ್ಶಬ್ದವನ್ನೇ ಹಿಡಿದುಕೊಂಡು ಅದು ಹುಳುಗಳನ್ನು ಬೇಯಿಸಿದ್ದು, ಎಲ್ಲ ಅವರಿಗೆ ಒಂದೇ ಸಲಕ್ಕೆ ತಿಳಿಯಿತು. ಸೊಸೆಯನ್ನು ಕೇಳಿದ ಮಾತೂ ನೆನಪಾಗಿರಬೇಕು, ತಲೆ ತಗ್ಗಿಸಿದರು.

ಮುರಿದು ಬಿಸಾಕೋಣ ಎಂದ ಯೋಗೇಶ. ಪೆಟ್ಟಿಗೆ ಮುರಿದರೆ ಏಸಿಯೂ ಸಾಯುತ್ತದೆ. ನಾನೇ ಒಳಗೆ ಕೂರುತ್ತೇನೆ, ಉಸಿರಾಡುತ್ತೇನೆ ಎಂದ. ಮನುಷ್ಯ ಇದ್ದಾನೆಂದು ತಿಳಿದರೆ ಅದು ಮನುಷ್ಯನಿಗೆ ಬೇಕಾದಂತೆ ಗಾಳಿ ಬೀಸುತ್ತಿತ್ತು, ಜ್ವರದ ಹುಳುವಿಗೆ ಆ ಗಾಳಿ ಆಗದು. ನಿಲ್ಲಿಸುವ ಗುಂಡಿ ಒತ್ತಿದರೆ ನಾಲ್ಕೇ ಗಂಟೆ, ಮತ್ತೆ ಮತ್ತೆ ಬಾಗಿಲು ತೆಗೆಯುವಂತಿಲ್ಲ. ಉಳಿದಿದ್ದು ಹದಿನೇಳನೆಯದೊಂದೇ. ಸಿಂಚನ ಅದನ್ನು ಹೇಳುವಾಗ ತನ್ನ ಕಾಲ ಬೆರಳುಗಳನ್ನೇ ನೋಡುತ್ತಿದ್ದಳು.

ಜಯಶೀಲಮ್ಮ ಕೂತಲ್ಲೇ ಬಿಗಿಯಾದರು.

"ಜೀವ ಕೂತಿರೋ ಮನೇನ ಎಣದ್ ಮನೆ ಅಂತ ಎಂಗೆ ಅನ್ನಲೇ? ಅದೂ ಜ್ವರದೊತ್ನಲ್ಲಿ. ಅಸ್ತು ದೇವ್ತೆಗಳು ಅಸ್ತು ಅಂದ್ಬುಟ್ರೆ?"

 ದೇವತೆ ಇಲ್ಲ ಎಂದು ಸಿಂಚನ ಹೇಳಬಹುದಿತ್ತು, ಹೇಳಲಿಲ್ಲ. ಕಮಲಾಕ್ಷಮ್ಮನ ಗಂಡನ ಸಂಗತಿ ಹೇಳಿದಳು. ಅಲ್ಲಾಡದವರೆಲ್ಲ ಅದರ ಲೆಕ್ಕದಲ್ಲಿ ಇಲ್ಲದವರೇ, ಸತ್ತವರೊಬ್ಬರಿಗೇ ಸುಮ್ಮನೆ ಮಲಗುವ ಹಕ್ಕು ಕೊಟ್ಟಿದ್ದಾರೆ ಎಂದಳು. ಅತ್ತೆ ಊಟಕ್ಕೆ ಏಳಲಿಲ್ಲ.

ಬೆಳಗ್ಗೆ ಆರೂವರೆಗೆ ಹುಳು ಮೇವು ಬಿಟ್ಟಿದ್ದವು. ಜಯಶೀಲಮ್ಮ ಸ್ನಾನ ಮಾಡಿ ಒದ್ದೆ ತಲೆಯಲ್ಲೇ ಹುಳುಮನೆಗೆ ಬಂದರು, ಸೊಸೆಯನ್ನೂ ಒಳಗೆ ಕರೆದರು. ಅವಳಿಗೆ ಅಂದು ಮುಟ್ಟಿನ ಎರಡನೆಯ ದಿನ, ಅದು ಅತ್ತೆಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಹಿಡಿದು ಹೊಸ್ತಿಲು ದಾಟಿಸಿದರು. ಸುಣ್ಣದ ಪುಡಿ ಉದುರಿಸಿ ಮುಗಿದ ಮೇಲೆ, ಎಳೆ ಹುಳುವಿಗೆ ಹೊದಿಸುವ ಮೇಣಗಾಗದ ತಂದು ಒಂದೊಂದೇ ತಟ್ಟೆಯ ಮೇಲೆ ಮುಚ್ಚತೊಡಗಿದರು. ಜ್ವರಕ್ಕೆ ಕೂತ ಹುಳುವಿಗೆ ಕಾಗದ ಮುಚ್ಚುವ ಪದ್ಧತಿ ಇಲ್ಲ. ಸಿಂಚನಳಿಗೆ ಏಕೆಂದು ತಿಳಿಯಿತು.

"ಹುಳಕ್ಕೆ ಕಿವಿ ಇಲ್ಲ ಅತ್ತೆ," ಎಂದಳು.

"ನಂಗೈತಲ್ಲ," ಎಂದರು ಜಯಶೀಲಮ್ಮ.

ಅರವತ್ತು ತಟ್ಟೆ ಮುಚ್ಚಿ ಮುಗಿಸಿ ಪೆಟ್ಟಿಗೆಯ ಎದುರು ನಿಂತರು. ಸಿಂಚನ ಹದಿನೇಳನೆಯದನ್ನು ಒತ್ತಿದಳು. ಪೆಟ್ಟಿಗೆ, ದಯವಿಟ್ಟು ಹೇಳಿಕೆ ನೀಡಿ ಎಂದಿತು. ಜಯಶೀಲಮ್ಮ ತುಟಿ ಅಲುಗಿಸಿದರು, ದನಿ ಹೊರಡಲಿಲ್ಲ. ದಯವಿಟ್ಟು ಸ್ಪಷ್ಟವಾಗಿ ಹೇಳಿ ಎಂದಿತು ಅದು. ಎರಡನೆಯ ಸಲ ಹೇಳಿದ್ದು ಸೊಸೆಗೆ ಕೇಳಿಸಿತು, ಪೆಟ್ಟಿಗೆಗೆ ಕೇಳಿಸಲಿಲ್ಲ. ಸ್ವಲ್ಪ ಗಟ್ಟಿಯಾಗಿ, ಎಂದಿತು ಮತ್ತೆ, ಅದೇ ನಯದಲ್ಲಿ, ಮಗುವಿಗೆ ಪಾಠ ಹೇಳಿಕೊಡುವವರಂತೆ. ನಲವತ್ತು ವರ್ಷ ಆ ಕೋಣೆಯಲ್ಲಿ ಪಿಸುಮಾತಿಗಿಂತ ಮೇಲೆ ದನಿ ಎತ್ತದಿದ್ದ ಹೆಂಗಸು ಕಣ್ಣು ಮುಚ್ಚಿ, ಸೊಸೆಯ ಮುಂಗೈಯನ್ನು ಉಗುರು ನೆಡುವಷ್ಟು ಬಿಗಿಯಾಗಿ ಹಿಡಿದು ಕೂಗಿದರು.

"ಈ ಕೋಣೆಯಲ್ಲಿ ಇರುವವರು ಸತ್ತಿದ್ದಾರೆ."

ಹಸಿರು ಎಲೆ ಆರಿತು. ಆ ಜಾಗದಲ್ಲಿ ಸಣ್ಣದೊಂದು ಹಣತೆಯ ಚಿತ್ರ ಹತ್ತಿಕೊಂಡಿತು. ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು ಎಂದಿತು ಪೆಟ್ಟಿಗೆ. ಏಸಿ ಒಂದೇ ಸಮ ಗುಂಯ್‌ಗುಡತೊಡಗಿತು.

ಥೂ, ಎಂದರು ಜಯಶೀಲಮ್ಮ. ಬಾಗಿಲು ಎಳೆದು, ಅಗುಳಿಗೆ ಬೇವು ಸಿಕ್ಕಿಸಿ, ನೇರ ತೊಟ್ಟಿಯ ಬಳಿಗೆ ಹೋಗಿ ಉಟ್ಟ ಸೀರೆಯಲ್ಲೇ ತಲೆಯ ಮೇಲೆ ತಣ್ಣೀರು ಸುರಿದುಕೊಂಡರು, ಮಣ್ಣು ಮಾಡಿ ಬಂದವರು ಸುರಿದುಕೊಳ್ಳುವಂತೆ. ಒಂದು ಕೊಡ, ಎರಡು ಕೊಡ, ಮೂರು ಕೊಡ. ಸಿಂಚನ ಟವೆಲ್ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಅವಳಿಗೆ ಅಳು ಬಂತು, ಮರೆಸಲು ಹೋಗಲಿಲ್ಲ.

ಮಾರನೆಯ ದಿನ ಕೇಂದ್ರದಲ್ಲಿ ಒಂಬತ್ತೂಕಾಲಿಗೆ ಕೆಂಪು ದೀಪ ಹತ್ತಿ ಗಂಟೆ ಬಡಿಯಿತು. ಆ ಗಂಟೆ ಹಿಂದೆಂದೂ ಬಡಿದದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಸುಧೀಂದ್ರ ಕೈಲಿದ್ದ ಲೋಟ ಚೆಲ್ಲಿಕೊಂಡು ಓಡಿಬಂದರು. ದೊಡ್ಡ ಪರದೆಯ ಮೇಲೆ ಮೂಡಿದ್ದನ್ನು ಎಲ್ಲರೂ ಎದ್ದು ನಿಂತು ಓದಿದರು. ಶವಾಗಾರ, ಹುಲಿಕೆರೆದೊಡ್ಡಿ. ಹೊರಗಿನಿಂದ ಬಂದವರು ಹೊರಟುಹೋಗಿದ್ದಾರೆ. ಒಳಗೆ ಚಲನೆ ಮತ್ತು ಜಗಿಯುವ ಸಪ್ಪಳ ಕಂಡುಬಂದಿದೆ. ಕೂಡಲೇ ಪರಿಶೀಲಿಸಿ.

ಸಿಂಚನ ಮುಖ ಮುಚ್ಚಿಕೊಂಡು ನಕ್ಕಳು. ನಗು ತಡೆಯಲಾಗದೆ ಬೆರಳ ಸಂದಿಯಿಂದ ಕಣ್ಣೀರು ಇಳಿಯಿತು. ಸುಧೀಂದ್ರ ಅವಳನ್ನೂ ಪರದೆಯನ್ನೂ ನೋಡಿದರು, ಏನೋ ಅರ್ಥವಾದವರಂತೆ ಹೋಗಿ ಗಂಟೆ ನಿಲ್ಲಿಸಿದರು. ಅವಳು ಮನೆಗೆ ಫೋನ್ ಮಾಡಿದಳು.

"ಎದ್ದವೆ ಕಣವ್ವ," ಎಂದರು ಜಯಶೀಲಮ್ಮ. "ಒಂದೂ ಬುಡದಂಗೆ ಎದ್ದವೆ. ಸೊಪ್ಪಾಕಿ ಬಾಗ್ಲು ಎಳ್ಕಂಡ್ ಬಂದೆ, ಮಳೆ ಉಯ್ದಂಗೆ ಮೇಯ್ತಾವೆ." ಅವರ ಹಿಂದೆ ಮೂವತ್ತೆರಡು ಮನೆಯವರು ತಟ್ಟೆ ಹಿಡಿದು ಬಂದ ಗದ್ದಲ ಕೇಳುತ್ತಿತ್ತು. ದನಿ ತಗ್ಗಿಸಿ ಮುಂದುವರಿಸಿದರು. "ಆ ಮಾತು ಮಾತ್ರ ಬಾಯಿಂದ ಓಗ್ತಿಲ್ಲ ಕಣೆ. ಮೂರು ಸಲ ಅಲ್ಲುಜ್ಜಿದೆ."

ಅದು ಹೋಗುವುದಿಲ್ಲ ಎಂದು ಸಿಂಚನಳಿಗೆ ಗೊತ್ತಿತ್ತು. 

ಹತ್ತು ಗಂಟೆ ದಾಟಿದ ಮೇಲೆ ಕಮಲಾಕ್ಷಮ್ಮನ ಫೋನ್ ಬಂತು. ಪರದೆಯ ಮೇಲೆ ನಮಸ್ಕಾರ, ಕ್ಷೇಮಸಮಾಚಾರ, ಹೊಗಳಿಕೆ ಸಾಲಾಗಿ ಮೂಡಿದವು. ಸಿಂಚನ ಪರದೆಯನ್ನು ಆರಿಸಿದಳು. ಒಂದು ದಾರಿ ಇದೆ ಅಮ್ಮ ಎಂದು ಶುರುಮಾಡಿ, ಹದಿನೇಳನೆಯದು ಎಲ್ಲಿದೆ, ಹೇಗೆ ಒತ್ತಬೇಕು, ಏನು ಹೇಳಬೇಕು ಎಲ್ಲವನ್ನೂ ಹೇಳಿದಳು. ಹೊರಗೆ ನಿಂತು ಹೇಳಿದರೆ ಆಗುವುದಿಲ್ಲ, ಆ ಕೋಣೆಯಲ್ಲೇ ಹೇಳಬೇಕು, ಗಟ್ಟಿಯಾಗಿ ಹೇಳಬೇಕು ಎಂದೂ ಹೇಳಿದಳು. ಹೇಳುತ್ತಿರುವವಳು ತಾನೇ ಎಂಬುದು ಅವಳಿಗೆ ಅಸಹ್ಯವಾಯಿತು.



"ಅವರಿಗೆ ಕಿವಿ ಚೆನ್ನಾಗಿ ಕೇಳ್ತದಮ್ಮ," ಎಂದರು ಕಮಲಾಕ್ಷಮ್ಮ.

"ಎರಡೂ ಕೈಯಲ್ಲಿ ಮುಚ್ಚಿ ಅಮ್ಮ," ಎಂದಳು ಸಿಂಚನ.

ಫೋನನ್ನು ಹಾಸಿಗೆಯ ಮೇಲಿಟ್ಟ ಸದ್ದಾಯಿತು. ಬಳೆಗಳು ಒಂದಕ್ಕೊಂದು ತಾಗಿ ಸುಮ್ಮನಾದವು. ಆಮೇಲೆ ಆ ಮಾತು ಕೇಳಿಸಿತು, ಮೊದಲು ಮೆಲ್ಲಗೆ. ದಯವಿಟ್ಟು ಸ್ಪಷ್ಟವಾಗಿ ಹೇಳಿ ಎಂದಿತು ಪೆಟ್ಟಿಗೆ. ಎರಡನೆಯ ಸಲ ಕೇಳಿದ್ದು ಕೂಗಲ್ಲ, ಹೊಟ್ಟೆಯಿಂದ ಕಿತ್ತುಬಂದ ಏನೋ ಒಂದು. ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು ಎಂದಿತು ಅದು. ಏಸಿ ಗುಂಯ್ ಎನ್ನತೊಡಗಿತು. ಅದರ ನಡುವೆ ಕಮಲಾಕ್ಷಮ್ಮ ಗಂಡನಿಗೆ ಹೇಳುತ್ತಿದ್ದುದು ಸಿಂಚನಳ ಕಿವಿಗೆ ಬಿತ್ತು.

"ನಿಮಗಲ್ಲ ಕಣ್ರೀ. ಗೋಡೆಗೆ ಅಂದಿದ್ದು."

ಸಿಂಚನ ಹೆಡ್‌ಫೋನ್ ತೆಗೆದಿಟ್ಟು ಬಾಯಿ ಮುಕ್ಕಳಿಸಲು ಎದ್ದಳು. ಗಡಿಯಾರದಲ್ಲಿ ಇನ್ನೂ ಹತ್ತೂವರೆ.